ರೋಟರಿನ ಮೇಲೆ ಕುಂಕುಮ

“ಒಂದೇ ಒಂದ್ಸಲ ಹಿಡ್ಕೊಂಡಿದ್ರೆ ಏನಾಗೋದು?”

ವಜೀರ್ ಪಾಷಾ ಕೇಳಿದ್ದು ಯಾರನ್ನೂ ಅಲ್ಲ. ಶ್ರೀರಂಗಪಟ್ಟಣದ ಠಾಣೆಯ ಹಿತ್ತಲಿನಲ್ಲಿ, ಹೊಂಗೆ ಮರದಡಿ ನಿಂತಿದ್ದ ಬಿಳಿ ಅಂಬಾಸಿಡರಿನ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ, ತಲೆ ತಗ್ಗಿಸಿ ಕೇಳಿದ್ದ. ಹತ್ತು ದಿನದಿಂದ ಉದುರಿದ ಹೊಂಗೆ ಹೂವು ಗಾಜಿನ ಬುಡದಲ್ಲಿ ಒಣಗಿ ಕೂತಿತ್ತು.

ಪಕ್ಕದಲ್ಲಿ ನಿಂತಿದ್ದವನು ಪೊಲೀಸಿನ ನಿವೃತ್ತ ದಫೇದಾರ್ ಕುಳ್ಳಯ್ಯ. ಹೆಸರು ಕುಳ್ಳಯ್ಯನಾದರೂ ಆರಡಿಯ ಆಳು. ಅಷ್ಟೆತ್ತರದಿಂದ ಬಗ್ಗಿ, ಗಾಜಿನ ಬುಡದ ಹೂವನ್ನು ಅಂಗೈಯಲ್ಲಿ ಗುಡಿಸಿ ಹಾಕಿದ.

ಹತ್ತು ದಿನದ ಹಿಂದೆ ಈ ಕಾರಿನ ಇಂಜಿನ್ನು ಹಿಡಿಯದೇ ಹೋದದ್ದರಿಂದ, ಕಿರಂಗೂರಿನ ನಾಲೆ ಏರಿಯ ಮನೆಯ ಸೊಸೆ, ಏಳು ತಿಂಗಳ ಬಸುರಿ ಚೈತ್ರ, ಎತ್ತಿನ ಗಾಡಿಯಲ್ಲಿ ರಕ್ತ ಸುರಿಸಿಕೊಂಡು, ಹೊಳೆಯ ಸೇತುವೆ ದಾಟುವ ಮೊದಲೇ ಕಣ್ಣು ಮುಚ್ಚಿದ್ದಳು. ಕಾರನ್ನು ಬೇಕೆಂದೇ ಕೆಡಿಸಿದನೆಂದು ಆ ಮನೆಯ ಡ್ರೈವರ್ ಜಫರ್ ಮಂಡ್ಯದ ಜೈಲಿನಲ್ಲಿದ್ದ. ಪಾಂಡವಪುರದಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜು ಇಟ್ಟಿದ್ದ ಪಾಷಾನಿಗೆ ಜಫರ್ ಒಬ್ಬನೇ ಮಗ.

ಸಬ್‌ಇನ್ಸ್‌ಪೆಕ್ಟರು ಹೊಸಬರು, ಮರ್ಯಾದಸ್ಥರು. “ನಿಮ್ಮ ಮುಖ ನೋಡಿ ಒಂದು ಗಂಟೆ ಕೊಡ್ತೀನಿ ದಫೇದಾರ್ರೇ. ಒಂದು ಸ್ಕ್ರೂ ಕೂಡ ಆಚೆ ಹೋಗಬಾರದು” ಎಂದಿದ್ದರು.

“ಕೂತ್ಕೋ ಕುಳ್ಳಣ್ಣ. ನಾನು ಯೋಳ್ದಾಗ ಸೆಲ್ಫ್ ಹೊಡಿ.”

ಕುಳ್ಳಯ್ಯ ಮಂಡಿ ಮಡಚಿಕೊಂಡು ಸ್ಟೀರಿಂಗಿನ ಹಿಂದೆ ಕೂತು ಕೀಲಿ ತಿರುಗಿಸಿದ.

ಗರ್ರ್... ಗರ್ರ್... ಗರ್ರ್...

ಇಂಜಿನ್ನು ತಿರುಗಿತು, ಹಿಡಿಯಲಿಲ್ಲ. ಬೆಳಗೊಳದ ಗುಡಿಯ ಜಗಲಿಯಲ್ಲಿ, ಅಜ್ಜನ ತೊಡೆಯ ಮೇಲೆ ಕೂತು ಕಾವ್ಯ ಓದುವುದನ್ನು ಕೇಳಿಕೊಂಡು ಬೆಳೆದ ಕಿವಿ ಕುಳ್ಳಯ್ಯನದು. ಅರ್ಥ ತಿಳಿಯುವ ಮೊದಲೇ, ಓದುವವನು ಎಲ್ಲಿ ಉಸಿರು ಹಿಡಿದ, ಎಲ್ಲಿ ಮರೆತು ಮುಚ್ಚಿಕೊಂಡ ಎಂಬುದು ಆ ಕಿವಿಗೆ ತಿಳಿಯುತ್ತಿತ್ತು. ಈಗ ಕೇಳಿದ ಸದ್ದಿನಲ್ಲಿ ಬಲವಿತ್ತು, ಜೀವವಿರಲಿಲ್ಲ. ಶ್ರುತಿ ಹಿಡಿದು ಕೂತವನು ಪದ್ಯವನ್ನೇ ಎತ್ತಿಕೊಳ್ಳದ ಹಾಗೆ.

“ಬ್ಯಾಟರಿ ಚೆನ್ನಾಗೈತೆ” ಎಂದ.

“ನೆನ್ನೆ ನಾನೇ ಚಾರ್ಜ್ ಮಾಡ್ಸಿ ತಂದಿದ್ದು ಕಣಪ್ಪ. ಅದ್ನೂ ಪತ್ತೆ ಮಾಡ್ಬುಟ್ಟಲ್ಲ, ಭಾರೀ ಪೊಲೀಸು!”

ಹತ್ತು ದಿನದಲ್ಲಿ ಪಾಷಾನ ಬಾಯಲ್ಲಿ ಬಂದ ಮೊದಲ ತಮಾಷೆ ಅದು. ಆಡಿದವನೇ ನಾಚಿಕೊಂಡು ಬಾನೆಟ್ಟಿನೊಳಗೆ ತಲೆ ತೂರಿಸಿದ.

ಪೆಟ್ರೋಲಿನ ಪೈಪು ಬಿಚ್ಚಿದ. ಪೆಟ್ರೋಲ್ ಚಿಮ್ಮಿ ಬಂತು. ಕಿಡಿ ಹುಟ್ಟಿಸುವ ಕಾಯಿಲಿನಿಂದ ಬರುವ ದಪ್ಪ ವೈರು ಕಿತ್ತು ಇಂಜಿನ್ನಿನ ಮೈಗೆ ಹತ್ತಿರ ಹಿಡಿದ. ನೀಲಿ ಕಿಡಿ ಟಪ್ಪನೆ ಹಾರಿತು. ಆಮೇಲೆ ಒಂದೊಂದೇ ಪ್ಲಗ್ಗು ಬಿಚ್ಚಿ, ವೈರಿಗೆ ಸಿಕ್ಕಿಸಿ, ಇಂಜಿನ್ನಿಗೆ ತಾಗಿಸಿ ನೋಡಿದ. ನಾಲ್ಕರಲ್ಲೂ ಕಿಡಿಯಿಲ್ಲ.

“ಅಂದ್ರೆ?”

“ಅಂದ್ರೆ, ಊರಬಾಗ್ಲಿಗೆ ಬಂದ ದೇವ್ರು ಮನೆಮನೆಗೆ ಓಗ್ನಿಲ್ಲ. ನಡುವೆ ಯಾರೋ ತಡ್ದವ್ರೆ.”

ನಡುವೆ ಇದ್ದದ್ದು ಅಂಗೈಯಗಲದ ಒಂದು ಕರಿ ಮುಚ್ಚಳ, ಅದರೊಳಗೆ ರೋಟರು. ಹೆಬ್ಬೆರಳಿನಷ್ಟು ಉದ್ದದ ಕರಿ ತುಂಡು, ನೆತ್ತಿಯ ಮೇಲೊಂದು ಹಿತ್ತಾಳೆ ಪಟ್ಟಿ. ಬಂದ ಕಿಡಿಯನ್ನು ಸುತ್ತುತ್ತ ಸುತ್ತುತ್ತ ನಾಲ್ಕು ಪ್ಲಗ್ಗಿಗೂ ಹಂಚುವುದು ಅದೇ. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಎಂಥ ಕಳ್ಳನೂ ಕಾರು ಒಯ್ಯಲಾರ.

ಆ ಕಾರಣಕ್ಕೇ ಕಿರಂಗೂರಿನ ಆ ಮನೆಯಲ್ಲಿ ಒಂದು ವಾಡಿಕೆ ಬೆಳೆದಿತ್ತು. ನಾಲೆ ಏರಿಯ ಮೇಲೆ ಎರಡು ಟ್ರಾಕ್ಟರು ಕಳುವಾದ ವರ್ಷದಿಂದ ಜಫರ್ ದಿನಾ ಸಂಜೆ ರೋಟರು ಕಿತ್ತು ಹೊಸ್ತಿಲಾಚೆ ನಿಂತು ಕೊಡುತ್ತಿದ್ದ. ಮನೆಯ ಹಿರಿಯಾಕೆ ಪುಟ್ಟತಾಯಮ್ಮ ಅದನ್ನು ಸೆರಗಿನಲ್ಲಿ ಒರೆಸಿ ದೇವರ ಗೂಡಿನಲ್ಲಿ ಇಡುತ್ತಿದ್ದಳು. ಬೆಳಿಗ್ಗೆ ಅದರ ಮೈಗೊಂದು ಕುಂಕುಮದ ಬೊಟ್ಟಿಟ್ಟು ಅವನ ಕೈಗೆ ಕೊಡುತ್ತಿದ್ದಳು. ಜಫರ್ ಆ ಬೊಟ್ಟನ್ನು ಎಂದೂ ಒರೆಸಲಿಲ್ಲ. ಕೇಳಿದವರಿಗೆ, “ಅಮ್ಮ ಇಟ್ಟಿದ್ದು, ಇರ್ಲಿ” ಎನ್ನುತ್ತಿದ್ದ. ಮೂರು ವರ್ಷದ ಕುಂಕುಮ ಎಣ್ಣೆ ಕುಡಿದು, ಆ ರೋಟರಿನ ಒಂದು ಮಗ್ಗುಲು ಹುಣಸೆ ಬೀಜದ ಬಣ್ಣಕ್ಕೆ ತಿರುಗಿತ್ತಂತೆ.

ಮುಚ್ಚಳ ತೆಗೆದ ಪಾಷಾ ಇನ್ನಷ್ಟು ಬಗ್ಗಿದ.

“ಏನ್ಲಾ?”

“ಕುಂಕುಮ ಐತೆ. ಆದ್ರೆ ಹೊಸ್ದು.”

ಕುಳ್ಳಯ್ಯ ಬಗ್ಗಿ ನೋಡಿದ. ಹುಣಸೆ ಬೀಜದ ಬಣ್ಣವಿಲ್ಲ. ಕರಿ ಮೈಯ ಧೂಳಿನ ಮೇಲೆ, ಹೆಬ್ಬೆರಳಲ್ಲಿ ಎಳೆದ ಒಂದು ಉದ್ದ ಗೀರು. ಸಂತೆಯಿಂದ ನೆನ್ನೆ ತಂದ ಹಾಗೆ ಕೆಂಪಗಿತ್ತು.

ಪಾಷಾ ದಪ್ಪ ವೈರಿನ ತುದಿಯನ್ನು ರೋಟರಿನ ಹಿತ್ತಾಳೆಗೆ ಕೂದಲೆಳೆಯಷ್ಟು ಮೇಲೆ ಹಿಡಿದು, ಇನ್ನೊಂದು ಕೈಯಲ್ಲಿ ಕಿಡಿ ಎಬ್ಬಿಸುವ ಪಾಯಿಂಟನ್ನು ಮೀಟಿದ. ರೋಟರು ಚೆನ್ನಾಗಿದ್ದರೆ ಕಿಡಿ ಅದರೊಳಕ್ಕೆ ಹಾರಬಾರದಿತ್ತು. ಹಾರಿತು. ಮತ್ತೆ ಮೀಟಿದ, ಮತ್ತೆ ಹಾರಿತು.

“ಸತ್ತೋಗೈತೆ ಇದು. ಬಂದ ಕರೆಂಟ್ನೆಲ್ಲ ಹೊಟ್ಟೇಲೇ ಇಳ್ಸಿ ನೆಲಕ್ಕೆ ಬುಡ್ತಾ ಐತೆ. ಮ್ಯಾಗ್ನಿಂದ ನೋಡುದ್ರೆ ಮದುಮಗನಂಗೆ ಅದೆ. ಪಾಪ, ನನ್ ಮಗ ನೋಡಿರ್ತಾನೆ, ಚೆನ್ನಾಗೈತೆ ಅಂತ ಮುಚ್ಚಿರ್ತಾನೆ.”

ರೋಟರನ್ನು ಕಿತ್ತು ಅಂಗೈ ಮೇಲೆ ಮಗುಚಿ ಹಾಕಿದ. ಅಡಿಯಲ್ಲಿ ಅರದಿಂದ ಉಜ್ಜಿದ ಎರಡು ಅಡ್ಡಗೀರು.

ಪಾಷಾ ಆ ಗೀರುಗಳ ಮೇಲೆ ಹೆಬ್ಬೆರಳು ಸವರಿದ.

“ಯಾ ಅಲ್ಲಾ! ಇದು ನಂದು.”

“ಏನು ನಿಂದು?”

“ನನ್ ಖಲಾಸ್ ಗೀರು ಕುಳ್ಳಣ್ಣ. ಕೆಟ್ಟೋದ ಸಾಮಾನ್ಗೆಲ್ಲ ನಾನು ಇಂಗೆ ಎರಡು ಗೀರು ಎಳೀತೀನಿ. ಯಾರೂ ಎತ್ಕೊಂಡೋಗಿ ಇನ್ನೊಬ್ರಿಗೆ ಮಾರ್ಬಾರ್ದು ಅಂತ. ಈ ಸೀಮೇಲಿ ಇನ್ಯಾರೂ ಎಳೆಯಾಕಿಲ್ಲ ಇಂಗೆ. ಗ್ಯಾರೇಜಲ್ಲಿ ಖಲಾಸ್ ಡಬ್ಬ ಅಂತ ಒಂದೈತೆ. ನಾನು ಬುಟ್ರೆ ಅದುಕ್ಕೆ ಕೈ ಆಕೋನು ಜಫರ್ ಒಬ್ನೇ.”

ಕುಳ್ಳಯ್ಯ ಆ ಎರಡು ಗೀರನ್ನು ಮತ್ತೊಮ್ಮೆ ನೋಡಿದ.

ಮಗನನ್ನು ಬಿಡಿಸಲೆಂದು ತಡಕಿದ ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಮಗನ ಕೊರಳಿನದೇ ಹಗ್ಗ. ಅದನ್ನು ಹೊಸೆದದ್ದು ಅಪ್ಪನ ಅರ. ಆ ಸಾವಿನ ಹಿಂದಿನ ವಾರ, ಜಫರ್ ತಡವಾಗಿ ಬಂದನೆಂದು ಪುಟ್ಟತಾಯಮ್ಮನ ಮಗ, ಚೈತ್ರಳ ಗಂಡ ರಂಗಸ್ವಾಮಿ ಅವನ ಕೆನ್ನೆಗೆ ಹೊಡೆದಿದ್ದ. ಆ ಸಿಟ್ಟೇ ಕಾರಣವೆಂದು ಕೇಸು ನಿಂತಿತ್ತು. ಈಗ ಸಾಕ್ಷಿಯೂ ಸಿಕ್ಕಂತಾಯಿತು.

ಪಾಷಾನ ಎಡಗೈಯಲ್ಲಿ ರೋಟರಿತ್ತು. ಬಲಗೈ ತಾನಾಗಿ ಸಾಮಾನಿನ ಚೀಲದೊಳಗೆ ಹೋಗಿ ಅರವನ್ನು ಹಿಡಿದು ಬಂತು. ನಾಲ್ಕು ಸಲ ಉಜ್ಜಿದರೆ ಗೀರು ಇರುವುದಿಲ್ಲ.

ಕುಳ್ಳಯ್ಯ ಕಂಡ. ಕಂಡು, ಬೆನ್ನು ತಿರುಗಿಸಿ ಹೊಂಗೆ ಮರದತ್ತ ನೋಡುತ್ತ ನಿಂತ. ಮೂವತ್ತೊಂದು ವರ್ಷ ಖಾಕಿ ತೊಟ್ಟವನು ಹಾಗೆ ನಿಲ್ಲಬಾರದಿತ್ತು. ನಿಂತು, ಕಿವಿ ಮಾತ್ರ ತೆರೆದುಕೊಂಡ.

ಅರದ ಸದ್ದು ಬರಲಿಲ್ಲ. ಬಹಳ ಹೊತ್ತಿನ ಮೇಲೆ, ಕಬ್ಬಿಣ ಚೀಲಕ್ಕೆ ಬಿದ್ದ ಸದ್ದು ಬಂತು.

“ತಕ್ಕೋ. ಕೊಡು ನಿನ್ ಸಾಹೇಬ್ರಿಗೆ. ನಂಗೆ ಕೈ ಬರ್ನಿಲ್ಲ.”

ಸಬ್‌ಇನ್ಸ್‌ಪೆಕ್ಟರು ರೋಟರನ್ನು ಲಕೋಟೆಗೆ ಹಾಕಿ, ಪಾಷಾ ಹೇಳಿದ್ದನ್ನು ಬರೆದುಕೊಂಡು, ಮೆತ್ತಗೆ ಹೇಳಿದರು: “ಪಾಷಾ ಸಾಬ್ರೇ, ನಿಜ ಹೇಳಿದ್ರಿ. ಆದರೆ ಇದರಿಂದ ಹುಡುಗನಿಗೆ ಒಳ್ಳೇದಾಗಲ್ಲ.”

ಹೊರಗೆ ಬಂದ ಮೇಲೆ ಕುಳ್ಳಯ್ಯ ಕೇಳಿದ: “ಇದೇ ಕಾರಿಗೆ ಇದಕ್ಕೂ ಮುಂಚೆ ರೋಟರು ಬದಲಾಯ್ಸಿದ್ಯಾ?”

“ಮೂರು ವರ್ಸದ ಇಂದೆ.”

“ಕಿತ್ತಿದ್ದ ಹಳೇದು?”

ಪಾಷಾ ನೆನಪು ಮಾಡಿಕೊಂಡ. “ಆ ಮನೆ ಅಮ್ಮಂದು ಒಂದು ಚಾಳಿ. ಏನೇ ಬಿಚ್ಚಿದ್ರೂ ಹಳೇ ಸಾಮಾನು ವಾಪಸ್ ಬೇಕು. ‘ನಮ್ಮನೆದು ನಮ್ಮನೇಲಿರ್ಲಿ, ಹೊಸ್ದು ಆಕಿದ್ಯೋ ಇಲ್ವೋ ನಂಗೇನು ಗೊತ್ತು’ ಅಂತ. ಕೊಟ್ಟಿರ್ಬೇಕು. ಕೊಟ್ಟೆ ಅಂತ ಆಣೆ ಮಾಡು ಅಂದ್ರೆ ಮಾಡ್ನಾರೆ ಕುಳ್ಳಣ್ಣ.”

“ಸ್ಕೂಟರು ತೆಗಿ.”

ಪಾಷಾನ ಹಳೇ ಸ್ಕೂಟರು ಒಂದೇ ಒದೆತಕ್ಕೆ ಹಿಡಿಯಿತು. ಅದಕ್ಕೂ ಅವನು ಕಣ್ಣೀರು ಒರೆಸಿಕೊಂಡ.

ದಾರಿಯುದ್ದಕ್ಕೂ ಕುಳ್ಳಯ್ಯ ಎರಡು ಹೇಳಿಕೆಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿಸಿಕೊಳ್ಳುತ್ತಿದ್ದ. ಜೈಲಿನ ಕಂಬಿಯಾಚೆ ಜಫರ್ ಹೇಳಿದ್ದು: “ಅಮ್ಮ ದಿನಾ ಕೈಗೆ ಕೊಡೋರು. ಅವತ್ತು ರೋಟರು ಹೊಸ್ತಿಲ ಮ್ಯಾಲಿತ್ತು. ಚೈತ್ರಕ್ಕನ್ನ ನಾಗಮಂಗಲಕ್ಕೆ, ತವರಿಗೆ, ಏಳು ಗಂಟೆಯೊಳಗೇ ಹೊರಡಿಸ್ಬೇಕಾಗಿತ್ತು. ಕುಂಕುಮ ಕಾಣ್ತು, ಮಗುಚಿ ನೋಡೋಕೂ ಹೋಗ್ಲಿಲ್ಲ, ಎತ್ಕೊಂಡೆ, ಹಾಕ್ದೆ.” ಕಾರು ಹಿಡಿಯದೆ ಒದ್ದಾಡುತ್ತಿದ್ದಾಗಲೇ ಒಳಗೆ ಚೈತ್ರ ಕೂಗಿಕೊಂಡಿದ್ದಳು. ಇವನು ಅಪ್ಪನನ್ನು ಕರೆತರಲು ಸೈಕಲ್ ಹತ್ತಿದ್ದ. ಅದನ್ನೇ ಓಡಿಹೋದ ಎಂದರು. ಇಷ್ಟು ಹೇಳಿ ಜಫರ್ ಕುಳ್ಳಯ್ಯನನ್ನು ಬಿಟ್ಟು ಅಪ್ಪನನ್ನು ನೋಡಿದ್ದ. “ನೀನೂ ನಂಬಲ್ವಾ ಅಬ್ಬಾ?”

ಪುಟ್ಟತಾಯಮ್ಮ ಹೇಳಿದ್ದು: “ನಾನೇ ಕೈಯಾರೆ ಕೊಟ್ಟೆ.” ಮೂರು ಸಲ ಕೇಳಿದಾಗ ಮೂರು ಸಲವೂ ಅದೇ ಮಾತು, ಅದೇ ಉಸಿರು. ಆಡಿದ ಮಾತು ಪ್ರತಿಸಲವೂ ಒಂದಿಷ್ಟು ಬದಲಾಗುತ್ತದೆ. ಬಾಯಿಪಾಠ ಮಾಡಿದ್ದು ಬದಲಾಗುವುದಿಲ್ಲ.

ಕಿರಂಗೂರು ದಾಟಿ ನಾಲೆ ಏರಿಯ ಮೇಲೆ ಎರಡು ಮೈಲಿ ಹೋದರೆ ಆ ಮನೆ. ಪುಟ್ಟತಾಯಮ್ಮನ ಗಂಡ, ಮಗ ರಂಗಸ್ವಾಮಿ ಇಬ್ಬರೂ ನಾಳೆಯ ಹನ್ನೊಂದನೇ ದಿನದ ತಿಥಿಗೆ ಸಾಮಾನು ತರಲು ಪಟ್ಣಕ್ಕೆ ಹೋಗಿದ್ದರು. ಪುಟ್ಟತಾಯಮ್ಮ ಜಗಲಿಯ ಮೇಲೆ ಒಬ್ಬಳೇ ಅಕ್ಕಿ ಆರಿಸುತ್ತಿದ್ದಳು. ಸೂತಕದ ಹಣೆ ಬರಿದಾಗಿತ್ತು. ಅಂಗಳಕ್ಕೆ ರಂಗೋಲಿಯಿರಲಿಲ್ಲ.

“ಬನ್ನಿ ದಫೇದಾರ್ರೇ” ಎಂದಳು. ಪಾಷಾನನ್ನು ನೋಡಿ ಮೊರದತ್ತ ಕಣ್ಣು ಇಳಿಸಿದಳು. “ನೀನ್ಯಾಕೆ ಬಂದ್ಯೋ ಪಾಷಾ? ನಿನ್ ಮೊಕ ನೋಡಾಕಾಗಾಕಿಲ್ಲ ನನ್ಕೈಲಿ.”

“ನನ್ ಮೊಕಾನೂ ನಾನು ನೋಡ್ಕಂಡು ಹತ್ತು ದಿನ ಆಯ್ತಮ್ಮ.”

“ಅವ್ವಾ, ಪಾಷಾ ಕೊಟ್ಟ ಹಳೇ ಸಾಮಾನೆಲ್ಲಿ ಮಡಗ್ತೀರಿ?” ಎಂದ ಕುಳ್ಳಯ್ಯ.

“ಪಂಪ್‌ಸೆಟ್ ಕೋಣೇಲಿ, ಡಬ್ಬದಲ್ಲಿ. ಯಾಕೆ?”

ಪಂಪ್‌ಸೆಟ್ ಕೋಣೆಗೆ ಬೀಗವಿರಲಿಲ್ಲ. ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬದೊಳಗೆ ಸವೆದ ಪ್ಲಗ್ಗು, ಹರಿದ ಫ್ಯಾನ್ ಬೆಲ್ಟು, ಒಡೆದ ಬಲ್ಬು ಇದ್ದವು. ಬೆಲ್ಟಿನ ಮೇಲೂ ಸೇರಿ ಎಲ್ಲಕ್ಕೂ ಪಾಷಾನ ಎರಡು ಗೀರು. ಎಲ್ಲದರ ಮೇಲೂ ಬೆರಳು ಹೂಳುವಷ್ಟು ಧೂಳು. ಆ ಧೂಳಿನ ನಡುವೆ, ಹೆಬ್ಬೆರಳಗಲ ಜಾಗ ಮಾತ್ರ ಬೋಳಾಗಿತ್ತು.

“ಕೊಟ್ಟಿದ್ದೆ!” ಪಾಷಾ ಆ ಬೋಳು ಜಾಗದತ್ತ ಬೆರಳು ತೋರಿಸಿದ. “ಕೊಟ್ಟಿದ್ದೆ ಕುಳ್ಳಣ್ಣ, ಕೊಟ್ಟಿದ್ದೆ!”

“ಸಾಲ್ದು ಕಣ್ಲಾ. ಬೀಗ ಇಲ್ದಿದ್ ಕೋಣೆ. ನಿನ್ ಮಗಾನೂ ಬತ್ತಿದ್ದ ಅಂತಾರೆ.”

ಪಾಷಾ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಕುಳ್ಳಯ್ಯನ ಕಣ್ಣು ಮಾತ್ರ ಅವನ ತಲೆಯ ಮೇಲಿನ ಸ್ವಿಚ್ ಬೋರ್ಡಿನಲ್ಲಿ ನೆಟ್ಟಿತ್ತು. ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಮೂರು ಉದ್ದ ಗೀರು, ಹೆಬ್ಬೆರಳಲ್ಲಿ ಎಳೆದದ್ದು.

ಅವನು ಜಗಲಿಗೆ ಹಿಂತಿರುಗಿ, ಹೊಸ್ತಿಲ ಎರಡೂ ಬದಿಯ ಕಂಬ ನೋಡಿದ. ಅಲ್ಲಿ ಹಳೆಯ ಬೊಟ್ಟುಗಳು ಹುರುಳಿ ಕಾಳಿನ ಹಾಗೆ ದುಂಡಗೆ, ಸಾಲಾಗಿ ಕೂತಿದ್ದವು. ಉಂಗುರದ ಬೆರಳಿನವು.

“ಸ್ವಿಚ್ ಬೋರ್ಡಿಗೆ ಪೂಜೆ ಮಾಡ್ದೋರ್ಯಾರವ್ವಾ?”

“ರಂಗಸ್ವಾಮಿ. ಮಿಷನ್ನಿಗೆಲ್ಲ ಅವ್ನೇ ಮಾಡದು. ನಾನು ಮುಟ್ಟಾಕಿಲ್ಲ ಅವ್ನೆಲ್ಲ.”

“ರೋಟರಿಗೆ?”

“ಅದೊಂದ್ಕೆ ನಾನು. ದಿನಾ ನಾನೇ.”

“ಅವತ್ತೂ?”

ಮೊರ ನಿಂತಿತು.

“ನಾನೇ ಕೈಯಾರೆ ಕೊಟ್ಟೆ.”

ಅದೇ ಮಾತು, ಅದೇ ಉಸಿರು. ಕುಳ್ಳಯ್ಯ ಜಗಲಿಯ ಅಂಚಿನಲ್ಲಿ ಕೂತ. ಗಂಟಲು ಏರಿಸುವ ಅಭ್ಯಾಸ ಖಾಕಿ ತೊಟ್ಟಾಗಲೂ ಅವನಿಗಿರಲಿಲ್ಲ.

“ಅವ್ವಾ, ಕಾರಲ್ಲಿ ಸಿಕ್ಕಿರೋ ರೋಟರು ಸತ್ತಿರೋದು. ಈ ಮನೆ ಡಬ್ಬದಿಂದ ಎದ್ದೋಗಿರೋದು. ಅದ್ರ ಮೇಲೆ ಬೊಟ್ಟಿಲ್ಲ, ಹೆಬ್ಬೆಟ್ಟಲ್ಲಿ ಎಳೆದ ಗೀರೈತೆ. ಹಂಗಾದ್ರೆ ಚೆನ್ನಾಗಿದ್ದ ರೋಟರೆಲ್ಲಿ? ಮೂರು ವರ್ಸ ನಿಮ್ಮ ಬೆರಳಿನ ಕುಂಕುಮ ಕುಡ್ದಿರೋದು?”

“ನಂಗೇನು ಗೊತ್ತು? ಆ ಹುಡುಗನ್ನೇ ಕೇಳಿ.”

“ಹುಡುಗ ಒಂದಿನಾನೂ ಈ ಹೊಸ್ತಿಲು ದಾಟಿಲ್ಲ. ನೀವೇ ಯೋಳಿದ್ದು. ಅದು ದೇವ್ರ ಗೂಡಲ್ಲೇ ಇದ್ರೆ, ಅದ್ನ ಅಲ್ಲೇ ಬುಟ್ಟು ಬೇರೇದು ಕೊಟ್ಟೋರು ಮನೆಯೊಳಗಿನೋರು. ಇಲ್ದಿದ್ರೆ ನಾನು ಎದ್ದೋಗ್ತೀನಿ. ಒಂದು ಕ್ಷಣ ಗೂಡಿನ ಬಾಗ್ಲು ತೆಗೀರಿ.”

“ಸೂತಕ.” ಪುಟ್ಟತಾಯಮ್ಮ ತಲೆಯೆತ್ತಲಿಲ್ಲ. “ಹತ್ತು ದಿನದಿಂದ ದೀಪ ಹಚ್ಚಿಲ್ಲ, ಬಾಗ್ಲು ತೆಗ್ದಿಲ್ಲ. ನಾಳೆ ಗೂಡು ತೊಳ್ದು, ಹಳೇ ಹೂವು, ಒಣಗಿದ ಕುಂಕುಮ, ಮೈಲಿಗೆಯಾದ್ದು ಎಲ್ಲಾನೂ ಗಂಟು ಕಟ್ಟಿ ಹೊಳೇಗೆ ಬುಡ್ತೀವಿ. ಆಮೇಲೆ ಬಂದು ಎಷ್ಟು ಬೇಕಾದ್ರೂ ನೋಡಿ.”

ನಾಳೆ ಕಾವೇರಿ ಆ ಗಂಟನ್ನು ತೆಗೆದುಕೊಂಡ ಮೇಲೆ ನೋಡಲು ಏನಿರುತ್ತದೆ? ಕೋರ್ಟಿನ ಅಪ್ಪಣೆ ತರಲು ನಾಳೆ ಮಧ್ಯಾಹ್ನವಾದೀತು. ಗಂಟು ಬೆಳಕು ಹರಿಯುವ ಮೊದಲೇ ಹೊಳೆ ಸೇರುತ್ತದೆ. ಕುಳ್ಳಯ್ಯ ತೆರೆದ ಬಾಗಿಲಿನಾಚೆ ನೋಡಿದ. ನಡುಮನೆಯ ಗೋಡೆಯಲ್ಲಿ ಗೂಡು, ಅದರ ಮರದ ಬಾಗಿಲ ಮೇಲೆ ಸಾಲು ಸಾಲು ದುಂಡು ಬೊಟ್ಟು. ಹಳೆಯ ಚಿಲಕಕ್ಕೆ ಹೊಳೆಯುವ ಹೊಸ ಬೀಗ. ದೇವರಿಗೆ ಈ ಸೀಮೆಯಲ್ಲಿ ಯಾರೂ ಬೀಗ ಹಾಕಿದ್ದನ್ನು ಅವನು ಕಂಡಿರಲಿಲ್ಲ.

ಬೀಗದ ಕೈ ಪುಟ್ಟತಾಯಮ್ಮನ ಸೆರಗಿನ ತುದಿಯಲ್ಲಿ ಗಂಟಾಗಿತ್ತು.

ಹೊಸ್ತಿಲ ಮೇಲೆ ಸತ್ತ ರೋಟರು ಇಟ್ಟವನು ಸಾವು ಬಯಸಿದ್ದನೋ, ಆ ಬೆಳಗಿನ ನಾಗಮಂಗಲದ ಪಯಣವೊಂದು ನಿಂತರೆ ಸಾಕೆಂದಿದ್ದನೋ, ಕುಳ್ಳಯ್ಯನಿಗೆ ಇನ್ನೂ ಗೊತ್ತಿರಲಿಲ್ಲ. ಸಾವು ಮಾತ್ರ ತಾನಾಗಿ ಬಂದು ಆ ನಿಂತ ಕಾರಿನ ಪಕ್ಕ ಕಾದಿತ್ತು.

“ಸೊಸೆ ತವರಿಗೆ ಓಗೋದು ಯಾರಿಗೆ ಬ್ಯಾಡಾಗಿತ್ತವ್ವಾ?” ಎಂದು ಕೇಳಿದ.

ಅವಳ ಬೆರಳು ಮತ್ತೆ ಮೊರಕ್ಕೆ ಹೋಯಿತು. ಆರಿಸಿದ ಅಕ್ಕಿಗೆ ಕಲ್ಲನ್ನೂ ಕಲ್ಲಿನ ರಾಶಿಗೆ ಅಕ್ಕಿಯನ್ನೂ ಹಾಕುತ್ತಿದ್ದಳು.

ಪಾಷಾ ಅಂಗಳ ದಾಟಿ ಬಂದ. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮಗ ಮೂರು ವರ್ಷ ನಿಂತ ಜಾಗದಲ್ಲಿ, ಹೊಸ್ತಿಲಾಚೆ, ಮಂಡಿಯೂರಿದ.

“ಅಮ್ಮಾ, ನಾನು ಒಳೀಕ್ ಬರಾಕಿಲ್ಲ. ನೀವೂ ಮುಟ್ಬ್ಯಾಡಿ. ಬೀಗ ಒಂದು ತೆಗ್ದು ಬಾಗ್ಲು ಸರ್ಸಿ. ದೂರದಿಂದ ದಫೇದಾರ್ರು ನೋಡ್ಲಿ. ನಿಮ್ ಬೊಟ್ಟು ಒಂದಿನಾನೂ ಒರೆಸ್ನಿಲ್ಲ ನನ್ ಮಗ. ಅವ್ನು ಅಲ್ಲಿ ಅನ್ನ ಬುಟ್ಟವ್ನೆ ಅಮ್ಮಾ. ನಂಗೆ ಇರೋದು ಅವ್ನೊಬ್ನೇ ಮಗ.”

ಪುಟ್ಟತಾಯಮ್ಮ ಮೊರ ಕೆಳಗಿಟ್ಟಳು. ಈ ಸಲ ಉಸಿರು ಬೇರೆಯಿತ್ತು. ಹತ್ತು ದಿನದಲ್ಲಿ ಮೊದಲ ಬಾರಿಗೆ ಅವಳು ಬಾಯಿಪಾಠವಿಲ್ಲದ ಮಾತು ಆಡುತ್ತಾಳೆಂದು ಕುಳ್ಳಯ್ಯನ ಕಿವಿಗೆ ಮೊದಲೇ ತಿಳಿಯಿತು. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಪಾಷಾನ ಮುಖವನ್ನು ನೆಟ್ಟಗೆ ನೋಡಿದಳು.

“ನಂಗೂ ಇರೋದು ಒಬ್ನೇ ಮಗ ಕಣೋ ಪಾಷಾ. ತೆಗ್ಯಾಕಿಲ್ಲ.”